ಬೀಳು ಅಂದ್ರೆ ಯಾರ ಭೂಮಿ?

ಪೋಸ್ಟ್ ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಪೆಟ್ರೋಲಿಗೆ ಎಥನಾಲ್ ಬೆರೆಸೋದು ಪರಿಸರಕ್ಕೆ ಒಳ್ಳೇದಾ, ಕೆಟ್ಟದ್ದಾ ಅಂತ ಈಗ ಎಲ್ಲರೂ ವಾದ ಮಾಡ್ತಿದಾರೆ. ಗಿಡ ಬೆಳೆದು ಉರಿಸೋದರ ಬಗೆಗಿನ ಈ ಜಗಳ ನಮ್ಮ ತುಮಕೂರು ಜಿಲ್ಲೆಗೆ ಹೊಸದಲ್ಲ.

1983. ವಿಶ್ವಬ್ಯಾಂಕ್ ದುಡ್ಡಿನ ಸಾಮಾಜಿಕ ಅರಣ್ಯ ಯೋಜನೆ ಬಂತು. ಊರಿಗೆ ಸೌದೆ ಸಿಗುತ್ತೆ ಅಂದರು, ಬಂದದ್ದು ನೀಲಗಿರಿ. ಅದೇ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆಯ ರೈತರು ಅರಣ್ಯ ಇಲಾಖೆ ನರ್ಸರಿಗೆ ನುಗ್ಗಿ ಸಸಿ ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿದರು. ನೀಲಗಿರಿ ಅಂತರ್ಜಲ ಕುಡಿಯುತ್ತೆ ಅಂತ ಜಯಂತ ಬಂದ್ಯೋಪಾಧ್ಯಾಯ, ವಂದನಾ ಶಿವ ಬರೆದರು. ಅರಣ್ಯ ವಿಜ್ಞಾನಿಗಳು ಒಪ್ಪಲಿಲ್ಲ. ಆಮೇಲೆ ಇಯಾನ್ ಕಾಲ್ಡರ್ ತಂಡ ಕರ್ನಾಟಕದಲ್ಲೇ ಅಳತೆ ಮಾಡಿತು. ಶಿವಮೊಗ್ಗದ ಕಡೆ ನೀಲಗಿರಿ ಕುಡಿದದ್ದು ಅಲ್ಲಿನ ಕಾಡಿನಷ್ಟೇ ನೀರು. ಹೊಸಕೋಟೆಯ ಆಳ ಮಣ್ಣಿನಲ್ಲಿ ಮಾತ್ರ ಬಿದ್ದ ಮಳೆಗಿಂತ ಜಾಸ್ತಿ, ಬೇರು ಇಳಿದಲ್ಲೆಲ್ಲಾ ಹಳೇ ನೀರನ್ನೂ ಹೀರಿತ್ತು. ಇಬ್ಬರ ಮಾತೂ ನಿಜ, ಜಾಗ ಬೇರೆ. 2017ರಲ್ಲಿ ಸರ್ಕಾರ ನೀಲಗಿರಿ ನೆಡೋದನ್ನೇ ನಿಷೇಧಿಸಿತು.

ಆದರೆ ರಾಗಿ ಹೊಲಕ್ಕೆ ನೀಲಗಿರಿ ಬಂದರೆ ಕಳೆ ಇಲ್ಲ, ಕೊಯ್ಲಿಲ್ಲ, ಒಕ್ಕಣೆ ಇಲ್ಲ. ನಮ್ಮ ಕೇರಿಯ ಹೆಣ್ಣುಮಕ್ಕಳಿಗೆ ಕೂಲಿ ಇಲ್ಲ. ನೀರಿನ ಲೆಕ್ಕ ನಡೆದಷ್ಟು ಜೋರಾಗಿ ಈ ಲೆಕ್ಕ ನಡೀಲಿಲ್ಲ.

ಆಮೇಲೆ ಬಂದದ್ದು ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆ. 'ಬೇರಿ' ಯೋಜನೆ, ವಿಶ್ವಸಂಸ್ಥೆಯ ಯುಎನ್‌ಡಿಪಿ ನೆರವು, ಭಾರತೀಯ ವಿಜ್ಞಾನ ಸಂಸ್ಥೆಯ ತಂತ್ರಜ್ಞಾನ. ಕಟ್ಟಿಗೆಯಿಂದ ಗ್ಯಾಸ್, ಗ್ಯಾಸ್‌ನಿಂದ ಕರೆಂಟು. ಜಿಲ್ಲೆಯ ಮೂರು ಕಡೆ ಸೇರಿ 0.88 ಮೆಗಾವ್ಯಾಟ್. 100 ಕಿಲೋವ್ಯಾಟಿನ ಒಂದು ಘಟಕ ಸರಿಯಾಗಿ ನಡೀದೇ ಹೋದಾಗ ಸಂಸ್ಥೆಯವರೇ ನಿಂತು 1035 ಗಂಟೆ ಓಡಿಸಿದರು. 111 ಟನ್ ಕಟ್ಟಿಗೆ ಉರಿದು ಸುಮಾರು 80,600 ಯೂನಿಟ್ ಬಂತು. ಒಂದು ಯೂನಿಟ್‌ಗೆ 1.36 ಕೆಜಿ ಕಟ್ಟಿಗೆ. ನೂರು ಟನ್‌ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಉಳೀತು ಅಂತ 2011ರ ಅವರ ಪ್ರಬಂಧ ಹೇಳುತ್ತೆ. ಅವರ ಪ್ರಾಮಾಣಿಕತೆ ಬಗ್ಗೆ ನನಗೆ ತಕರಾರಿಲ್ಲ. ಗಂಟೆಗೆ 107 ಕೆಜಿ ಕಟ್ಟಿಗೆ ಯಾರ ನೆಲದಿಂದ ಬರಬೇಕು ಅನ್ನೋದಷ್ಟೇ ನನ್ನ ಪ್ರಶ್ನೆ.

ಈ ನೆಲದ ಪ್ರಶ್ನೆ ಇಟ್ಕೊಂಡೇ 2008ರಲ್ಲಿ 'ಸೈನ್ಸ್' ಪತ್ರಿಕೆಯ ಎರಡು ಪ್ರಬಂಧಗಳು ಜಗತ್ತಿನಾದ್ಯಂತ ಗದ್ದಲ ಎಬ್ಬಿಸಿದವು. ಫಾರ್ಜಿಯೋನ್ ತಂಡ ಹೇಳಿದ್ದು: ಕಾಡು, ಹುಲ್ಲುಗಾವಲು ಉತ್ತು ಇಂಧನದ ಬೆಳೆ ಹಾಕಿದರೆ ಮಣ್ಣಿನ ಇಂಗಾಲ ಗಾಳಿಗೆ ಹೋಗುತ್ತೆ, ಅದು ಸಾಲ. ಅಮೆರಿಕದ ಹುಲ್ಲುಗಾವಲಲ್ಲಿ ಮೆಕ್ಕೆಜೋಳ ಹಾಕಿ ಎಥನಾಲ್ ಮಾಡಿದರೆ ಸಾಲ ತೀರೋಕೆ 93 ವರ್ಷ. ಸರ್ಚಿಂಗರ್ ತಂಡ ಇನ್ನೊಂದು ಎಳೆ ಹಿಡೀತು: ಇಲ್ಲಿ ಊಟದ ಬೆಳೆ ಇಂಧನಕ್ಕೆ ಹೋದರೆ, ಇನ್ನೆಲ್ಲೋ ಊಟಕ್ಕಾಗಿ ಕಾಡು ಕಡೀತಾರೆ. ಈ ಲೆಕ್ಕ ಉತ್ಪ್ರೇಕ್ಷೆ ಅಂತ ಬೇರೆ ವಿಜ್ಞಾನಿಗಳು ತಿರುಗಿಬಿದ್ದರು. ಆದರೆ ಫಾರ್ಜಿಯೋನ್ ಪ್ರಬಂಧದಲ್ಲೇ ಒಂದು ಬಾಗಿಲು ತೆರೆದಿತ್ತು: ಹಾಳಾದ, ಪಾಳುಬಿದ್ದ ಭೂಮಿಯಲ್ಲಿ ಬೆಳೆದರೆ ಸಾಲ ಇಲ್ಲ, ಇದ್ದರೂ ಅತ್ಯಲ್ಪ.

ನಮ್ಮ ಸರ್ಕಾರಗಳೂ ಇದೇ ಬಾಗಿಲಿಂದ ಬಂದವು. 2009ರ ರಾಷ್ಟ್ರೀಯ ಜೈವಿಕ ಇಂಧನ ನೀತಿ ಬೀಳು ಭೂಮಿಯಲ್ಲಿ ಎಣ್ಣೆಬೀಜದ ಮರ ಬೆಳೆಸಿ ಅಂತು. ರಾಜ್ಯದ ಯೋಜನೆಗೆ ಹೆಸರೇ 'ಬರಡು ಬಂಗಾರ'.

ಈ ಬೀಳು ಯಾವುದು? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕೇರಿಗಳಲ್ಲಿ ಕೇಳಿ. ಗೋಮಾಳ, ಖರಾಬು, ಕರಿಕಲ್ಲಿನ ಗುಡ್ಡದ ಬುಡ. ಕುರಿ ಮೇಯೋದು ಅಲ್ಲಿ, ಸೌದೆ ಆಯೋದು ಅಲ್ಲಿ, ಬಗರ್ ಹುಕುಂನಲ್ಲಿ ಹುರುಳಿ ಚೆಲ್ಲೋದು ಅಲ್ಲಿ. ಫಾರಂ 50, ಫಾರಂ 53, ಈಗ ಫಾರಂ 57 ಅಂತ ಅರ್ಜಿ ಹಿಡ್ಕೊಂಡು ತಾಲ್ಲೂಕು ಕಚೇರಿಗೆ ಅಲೆಯೋದು ಅದೇ ನೆಲಕ್ಕೆ. ದಲಿತ ಸಂಘರ್ಷ ಸಮಿತಿ ಬೀದಿಗಿಳಿದದ್ದೂ ಭೂಮಿಗೇ. ನಾವು ಉತ್ತರೆ ಒತ್ತುವರಿ, ಸಸಿ ನೆಟ್ಟರೆ ಹಸಿರು!

ಪಾವಗಡದಲ್ಲಿ ಸೋಲಾರ್ ಪಾರ್ಕ್ ಬಂದಾಗಲೂ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ಸಿಕ್ಕಿದ್ದು ಪಹಣಿ ಇದ್ದೋರಿಗೆ. ಪಹಣಿ ಇಲ್ಲದೋರಿಗೆ ಹೊಲದ ಕೂಲಿಯೂ ಹೋಯ್ತು.

ಹೊಂಗೆ ಮರದ ಬಗ್ಗೆ ನನಗೆ ದ್ವೇಷ ಇಲ್ಲ. ಅದರ ಎಣ್ಣೆ ದೀಪಕ್ಕೆ, ಹಿಂಡಿ ಹೊಲಕ್ಕೆ, ಮೊದಲಿಂದಲೂ ಇದೆ. ಬದುವಿನ ಮೇಲೆ, ಕೆರೆ ಏರಿ ಕೆಳಗೆ ಬೆಳೆದರೆ ಯಾರ ಹೊಟ್ಟೆ ಮೇಲೂ ಕಾಲಿಡಲ್ಲ. ಬೇಸಿಗೆಯಲ್ಲಿ ಹೊಂಗೆ ಬೀಜ ಆಯೋರು ಯಾರು, ಕೆಜಿಗೆ ರೇಟು ಕಟ್ಟೋರು ಯಾರು ಅನ್ನೋದು ಮಾತ್ರ ಯೋಜನೆಯ ಕಾಗದದಲ್ಲಿ ಬರಲಿ.

ಈ ನಾಲ್ಕು ತಾಲ್ಲೂಕಿನ ಗೆಳೆಯರಲ್ಲಿ ಒಂದು ಕೆಲಸ ಕೇಳ್ತೀನಿ. ನಿಮ್ಮೂರಿನ ಗೋಮಾಳದ ಸರ್ವೆ ನಂಬರ್ ಹುಡುಕಿ, ಪಹಣಿ ತೆಗೆಸಿ. ಅದರಲ್ಲಿ ಏನು ಬರೆದಿದೆ, ನೆಲದ ಮೇಲೆ ಏನಿದೆ, ಎಷ್ಟು ಮನೆಯವರ ಅರ್ಜಿ ಬಾಕಿ ಇದೆ ಅಂತ ಕೆಳಗೆ ಬರೀರಿ.