ರೋಗಿಯ ಪಾಲಿನ ಕಿರಣ: ಒಂದು ಲೆಕ್ಕದ ಇತಿಹಾಸ

ನಾವಿರುವುದು ತುರ್ಭೆಯಲ್ಲಿ. ಖಾಡಿಯ ಆಚೆಗಿರುವ ಟ್ರಾಂಬೆಗೂ ಮರಾಠಿಯಲ್ಲಿ ತುರ್ಭೆ ಎಂದೇ ಹೆಸರು. ಊರಿನಿಂದ ಬಂದ ನಮ್ಮ ಭಾವನವರು ಒಮ್ಮೆ ಆ ತುರ್ಭೆಗೆ ಹೋಗಿ ಅರ್ಧ ದಿನ ಅಲೆದದ್ದುಂಟು. ಈ ಲೇಖನಕ್ಕಾದರೋ ಎರಡೂ ತುರ್ಭೆಗಳು ಬೇಕು.

ಕಳೆದ ವರ್ಷ ನಮ್ಮ ತಾಯಿಯವರ ಸೊಂಟದ ಎಕ್ಸ್-ರೇ ತೆಗೆಸಬೇಕಾಯಿತು. ಚಿತ್ರ ಸರಿಬರಲಿಲ್ಲವೆಂದು ಮೂರು ಸಲ ತೆಗೆದರು. ಅಮ್ಮನ ಮೈಮೇಲೆ ಒಟ್ಟು ಎಷ್ಟು ಕಿರಣ ಬಿತ್ತೆಂದು ಕೇಳಿದೆವು. ಯಂತ್ರ ನಡೆಸುವಾತ ತನ್ನ ಎದೆಯ ಬಿಲ್ಲೆ ತೋರಿಸಿ, "ನನ್ನ ಲೆಕ್ಕ ಇದರಲ್ಲಿದೆ ಸಾಹೇಬರೇ, ನಿಮ್ಮದನ್ನು ಯಾರು ಇಡುತ್ತಾರೆ?" ಎಂದು ಹಿಂದಿಯಲ್ಲಿ ನಕ್ಕ. ಕಚೇರಿಯಲ್ಲಿ ಹತ್ತು ರೂಪಾಯಿಗೂ ವೋಚರ್ ಬರೆಯುವ ನಮಗೆ ಆ ಮಾತು ಚುಚ್ಚಿತು.

ರಾಂಟ್ಜೆನ್ ಮಹಾಶಯರು ಈ ಕಿರಣವನ್ನು ಕಂಡದ್ದು 1895ರ ನವೆಂಬರ್ 8ರಂದು. ಮೊದಮೊದಲು ಚರ್ಮ ಕೆಂಪಾಗುವುದೇ ಅಳತೆ! ಬೆರಳು ಕಳೆದುಕೊಂಡ ವೈದ್ಯರೆಷ್ಟೋ ಮಂದಿ. 1928ರಲ್ಲಿ ಸ್ಟಾಕ್‌ಹೋಮಿನ ಸಮ್ಮೇಳನ ರಾಂಟ್ಜೆನ್ ಎಂಬ ಮಾನವನ್ನು ಒಪ್ಪಿತು. ಹೀಗೆ ಪೆಟ್ಟು ತಿಂದವರು ಕೆಲಸಗಾರರಾದ್ದರಿಂದ ಲೆಕ್ಕವೂ ಅವರಿಂದಲೇ ಆರಂಭವಾಯಿತು.

ಆಚೆಯ ತುರ್ಭೆಯಲ್ಲಿ 1954ರಲ್ಲಿ ಅಣುಶಕ್ತಿ ಸಂಸ್ಥೆ ಹುಟ್ಟಿತು. 1967ರಲ್ಲಿ ಅದಕ್ಕೆ ಭಾಭಾ ಅವರ ಹೆಸರು ಬಂತು. ಕೆಲಸಗಾರರು ಮೊದಲು ಧರಿಸುತ್ತಿದ್ದದ್ದು ಫಿಲ್ಮ್ ಬಿಲ್ಲೆ. 1975ರಲ್ಲಿ ಹೊಸ ಬಿಲ್ಲೆ ಬಂತು. ಆಗ ಕೇಂದ್ರದ ನಿರ್ದೇಶಕರು ನಮ್ಮ ತುಮಕೂರು ಸೀಮೆಯ ರಾಜಾ ರಾಮಣ್ಣನವರು. ಅದರೊಳಗೆ ಡಿಸ್ಪ್ರೋಸಿಯಮ್ ಬೆರೆಸಿದ ಕ್ಯಾಲ್ಸಿಯಮ್ ಸಲ್ಫೇಟಿನ ಮೂರು ಬಿಲ್ಲೆಗಳು. ಕಿರಣದ ಶಕ್ತಿಯನ್ನು ಅವು ಹಿಡಿದಿಟ್ಟುಕೊಂಡು, ಕಾಯಿಸಿದಾಗ ಬೆಳಕಾಗಿ ಬಿಟ್ಟುಕೊಡುತ್ತವೆ. ಬೆಳಕು ಎಷ್ಟೋ, ಬಿದ್ದ ಕಿರಣ ಅಷ್ಟು.

ರೋಗಿಯ ಚರ್ಮದ ಮೇಲೂ ಇಂಥ ಸಣ್ಣ ಹರಳನ್ನು ಅಂಟಿಸಿ ಅಳೆಯಬಹುದು. ಇದಕ್ಕೆ ಹೆಚ್ಚಾಗಿ ಲಿಥಿಯಮ್ ಫ್ಲೋರೈಡ್ ಬಳಸುತ್ತಾರೆ. 1980ರ ದಶಕದಲ್ಲಿ ಇಂಗ್ಲೆಂಡಿನ 20 ಆಸ್ಪತ್ರೆಗಳಲ್ಲಿ ರೋಗಿಗಳನ್ನು ಅಳೆದು ನೋಡಿದಾಗ, ಒಂದೇ ಪರೀಕ್ಷೆಗೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಜಗಜಾಂತರ ಕಂಡಿತು. ಕೆಲಸಗಾರನಿಗೆ ಕಾನೂನಿನ ಮಿತಿಯುಂಟು, ರೋಗಿಗಿಲ್ಲ. ಅದು ಸರಿಯೇ, ಮಿತಿ ಮುಗಿಯಿತೆಂದು ಮುರಿದ ಮೂಳೆಯ ಚಿತ್ರ ನಿಲ್ಲಿಸಲಾದೀತೆ? ಆದರೆ ಮಿತಿಯಿಲ್ಲವೆಂದರೆ ಲೆಕ್ಕವೂ ಬೇಡವೆಂದಲ್ಲ. 1996ರಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಮಾರ್ಗದರ್ಶಕ ಅಂಕಿಗಳನ್ನು ಪ್ರಕಟಿಸಿತು: ಚರ್ಮದ ಮೇಲೆ ಬೀಳುವ ಪ್ರಮಾಣ ಎದೆಯ ನೇರ ಚಿತ್ರಕ್ಕೆ 0.4 ಮಿಲಿಗ್ರೇ, ಸೊಂಟದ ಪಕ್ಕದ ಚಿತ್ರಕ್ಕೆ 30. ಎಪ್ಪತ್ತೈದು ಪಟ್ಟು! ಹಾಗೆಂದು ಎದೆಯ ಚಿತ್ರಕ್ಕೆ ಹೆದರಬೇಕಿಲ್ಲ. ಮಣ್ಣು, ಗಾಳಿ, ಆಕಾಶದಿಂದ ಮೂರು ನಾಲ್ಕು ದಿನಗಳಲ್ಲಿ ಎಲ್ಲರಿಗೂ ಬರುವಷ್ಟೇ ಅದು.

ಹಳೆಯ ಫಿಲ್ಮಿನಲ್ಲಿ ಒಂದು ಗುಣವಿತ್ತು. ಕಿರಣ ಹೆಚ್ಚಾದರೆ ಅದು ಕಪ್ಪಾಗಿ ತಪ್ಪು ಬಯಲಾಗುತ್ತಿತ್ತು. ಈಗಿನ ಡಿಜಿಟಲ್ ಯಂತ್ರದಲ್ಲಿ ಹೆಚ್ಚಾದರೂ ಚಿತ್ರ ಅಂದವಾಗಿಯೇ ಬರುತ್ತದೆ. ಹಾಗಾಗಿ ಕಿಲೋವೋಲ್ಟ್, ಮಿಲಿಆಂಪಿಯರ್-ಸೆಕೆಂಡು, ದೂರ ಇವುಗಳನ್ನು ಬರೆದಿಡುವುದು ಮುಖ್ಯ. ಅವಿದ್ದರೆ, ಆ ಯಂತ್ರದ ಅಳತೆ ಗೊತ್ತಿರುವವರು ಪ್ರಮಾಣವನ್ನು ಗುಣಿಸಿ ಹೇಳಬಲ್ಲರು.

ನಾವು ಮನೆಗೆ ಬಂದು ಲಕೋಟೆ ಬಿಚ್ಚಿ ನೋಡಿದೆವು. ಒಳಗಿದ್ದದ್ದು ಸರಿಬಂದ ಒಂದೇ ಚಿತ್ರ. ಉಳಿದೆರಡರ ಕುರುಹೂ ಇರಲಿಲ್ಲ.