ಮಾರ್ಮಗೋವಾ ಹಡಗು ಪ್ರಕರಣ (1943)

ಎರಡನೆಯ ಮಹಾಯುದ್ಧದ ಕಾಲದಲ್ಲಿ, ತಟಸ್ಥ ಪೋರ್ಚುಗಲ್ಲಿನ ಆಳ್ವಿಕೆಯಲ್ಲಿದ್ದ ಗೋವಾದ ಮಾರ್ಮಗೋವಾ ಬಂದರಿನಲ್ಲಿ ಜರ್ಮನಿಯ ಮೂರು, ಇಟಲಿಯ ಒಂದು ಸರಕು ಹಡಗು 1943ರ ಮಾರ್ಚ್ 9ರ ರಾತ್ರಿ ಮುಳುಗಿದ ಘಟನೆ.

ಬಂದರು ಬೆಳಗಾವಿ ಸೀಮೆಗೆ ಅಪರಿಚಿತವಲ್ಲ. 1880ರ ದಶಕದಲ್ಲಿ ಕ್ಯಾಸಲ್‌ರಾಕ್ ಘಟ್ಟವಿಳಿದು ಇಲ್ಲಿಗೆ ಬಂದ ರೈಲುದಾರಿ ಬೈಲಹೊಂಗಲ, ಸವದತ್ತಿಯಂಥ ಎರೆಭೂಮಿಯ ಹತ್ತಿಯನ್ನೇ ನೆಚ್ಚಿಕೊಂಡಿತ್ತು. ಕುಮಟಾ, ಕಾರವಾರಗಳಿಗೆ ಇಳಿಯುತ್ತಿದ್ದ ಎತ್ತಿನ ಗಾಡಿಗಳು ಆಮೇಲೆ ಕಡಿಮೆಯಾದವು. ಯುದ್ಧ ಶುರುವಾದಾಗ ಜರ್ಮನಿಯ ಹಡಗುಗಳಾದ ಎರೆನ್‌ಫೆಲ್ಸ್, ಡ್ರಾಕೆನ್‌ಫೆಲ್ಸ್, ಬ್ರೌನ್‌ಫೆಲ್ಸ್ ಮಾರ್ಮಗೋವಾದಲ್ಲಿ ಆಸರೆ ಪಡೆದವು. ಇಟಲಿಯ ಅನ್ಫೋರಾ 1940ರಲ್ಲಿ ಸೇರಿಕೊಂಡಿತು.

ಎರೆನ್‌ಫೆಲ್ಸ್ ಕಳ್ಳ ರೇಡಿಯೊದಿಂದ ಜಲಾಂತರ್ಗಾಮಿಗಳಿಗೆ ಬ್ರಿಟಿಷ್ ಹಡಗುಗಳ ಸುಳಿವು ಕೊಡುತ್ತಿದೆ ಎಂದು ಬ್ರಿಟನ್ನಿನ ಗುಪ್ತ ಸಂಸ್ಥೆಯ ಲೂಯಿಸ್ ಪ್ಯೂ ನಂಬಿದ್ದರು. ಕಲ್ಕತ್ತಾ ಲೈಟ್ ಹಾರ್ಸ್ ಮತ್ತು ಕಲ್ಕತ್ತಾ ಸ್ಕಾಟಿಷ್ ದಳಗಳ ಹದಿನೆಂಟು ಮಂದಿ ‘ಫೀಬಿ’ ಎಂಬ ದೋಣಿಯಲ್ಲಿ ಬಂದು ಆ ಹಡಗನ್ನು ಹತ್ತಿದರು. ಕ್ಯಾಪ್ಟನ್ ಸೇರಿ ಐವರು ಜರ್ಮನ್ನರು ಸತ್ತರು. ನಾಲ್ಕೂ ಹಡಗುಗಳನ್ನು ಅವುಗಳ ನಾವಿಕರೇ ಮುಳುಗಿಸಿದರು. ತಟಸ್ಥ ಬಂದರಿನಲ್ಲಿ ನಡೆದ ದಾಳಿಯಾದ್ದರಿಂದ ಬ್ರಿಟನ್ ಬಾಯಿ ಬಿಡಲಿಲ್ಲ. 1978ರಲ್ಲಿ ಜೇಮ್ಸ್ ಲೀಸರ್ ಪುಸ್ತಕ ಬರೆದ ಮೇಲೆಯೇ ವಿಷಯ ಹೊರಬಿತ್ತು; 1980ರಲ್ಲಿ ‘ದಿ ಸೀ ವುಲ್ವ್ಸ್’ ಸಿನಿಮಾ ಬಂತು.

ಗೊಂದಲವಿರುವುದು ಇಲ್ಲೇ. ದಾಳಿಯಾದ ಕೂಡಲೇ ಜರ್ಮನ್ ಜಲಾಂತರ್ಗಾಮಿಗಳಾದ ಯು-ಬೋಟ್‌ಗಳ ಬೇಟೆ ಕುಸಿಯಿತೆಂದು ಲೀಸರ್ ಬರೆದದ್ದನ್ನು ಅನೇಕರು ಹಾಗೆಯೇ ಎತ್ತಿಕೊಂಡಿದ್ದಾರೆ. ತಾರೀಖುಗಳನ್ನು ಪಕ್ಕಪಕ್ಕ ಇಟ್ಟರೆ ಲೆಕ್ಕ ಕೂಡುವುದಿಲ್ಲ. ಆವರೆಗೆ ಆ ಯು-ಬೋಟ್‌ಗಳು ತಿರುಗಾಡುತ್ತಿದ್ದುದು ಆಫ್ರಿಕದ ದಕ್ಷಿಣ ತುದಿ ಮತ್ತು ಮೊಜಾಂಬಿಕ್ ಕಡೆ. ಅವುಗಳ ‘ಮಾನ್ಸೂನ್’ ಗುಂಪು ಅರಬ್ಬೀ ಸಮುದ್ರಕ್ಕೆ ಬಂದದ್ದು 1943ರ ಮಳೆಗಾಲದ ಕೊನೆಗೆ, ಎರೆನ್‌ಫೆಲ್ಸ್ ಮುಳುಗಿ ಆರು ತಿಂಗಳ ಮೇಲೆ. ಅದಕ್ಕೂ ಮೊದಲು ಈ ನೀರಿನಲ್ಲಿ ಹೊಂಚುಹಾಕಿದ್ದವು ಜಪಾನಿನ ಜಲಾಂತರ್ಗಾಮಿಗಳು: ಮುಂಬಯಿಯಿಂದ ಆಫ್ರಿಕಕ್ಕೆ ಹೊರಟಿದ್ದ ‘ತಿಲಾವಾ’ ಹಡಗನ್ನು 1942ರ ನವೆಂಬರ್ 23ರಂದು ಐ-29 ಮುಳುಗಿಸಿತು, 280 ಮಂದಿ ತೀರಿಕೊಂಡರು. ಎರೆನ್‌ಫೆಲ್ಸ್‌ನ ಸುಳಿವು ಜಪಾನೀಯರ ಕೈಸೇರುತ್ತಿತ್ತು ಎನ್ನುವುದಾದರೆ ಅದಕ್ಕೆ ಬೇರೆಯೇ ಪುರಾವೆ ಬೇಕು.

ಪೋರ್ಚುಗಲ್ಲಿನ ತಟಸ್ಥತೆಯನ್ನು ಜರ್ಮನಿಯೂ ಕಾಯಲಿಲ್ಲ. ಲಿಸ್ಬನ್ನಿನಿಂದ ನ್ಯೂಯಾರ್ಕಿಗೆ ಹೊರಟಿದ್ದ ಪೋರ್ಚುಗೀಸ್ ಸರಕು ಹಡಗು ‘ಕೋರ್ಟೆ ರಿಯಾಲ್’ ಅನ್ನು 1941ರ ಅಕ್ಟೋಬರ್ 12ರಂದು ಯು-83 ತಡೆದು, ಸರಕು ತಪಾಸಣೆ ಮಾಡಿಯೇ ಮುಳುಗಿಸಿತು. ಡಿಸೆಂಬರಿನಲ್ಲಿ ಪೋರ್ಚುಗಲ್ಲಿನದೇ ಹಡಗು ‘ಕಸ್ಸೆಕೆಲ್’ ಯು-108ಕ್ಕೆ ಬಲಿಯಾಯಿತು.

ತಿಲಾವಾದ ಕಥೆಗೆ ಈಚಿನ ಅಧ್ಯಾಯವೊಂದಿದೆ. ಅದು ಹೊತ್ತಿದ್ದ 2,364 ಬೆಳ್ಳಿ ಗಟ್ಟಿಗಳನ್ನು 2017ರಲ್ಲಿ ಸಮುದ್ರತಳದಿಂದ ಎತ್ತಲಾಯಿತು. ಅವುಗಳ ಮೇಲಿನ ವ್ಯಾಜ್ಯದಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು 2024ರ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕದ ಪರ ತೀರ್ಪಿತ್ತಿತು.