ತಂದೆ ದೇವರಿಗೆ ಮುಖ ಬರೆಯಬಹುದೇ?

ರೋಮಿನ ಸಿಸ್ಟೈನ್ ಪ್ರಾರ್ಥನಾಮಂದಿರದ ಮೇಲ್ಛಾವಣಿಯ ಚಿತ್ರಗಳನ್ನು ನಮ್ಮ ವಾಚಕರಲ್ಲಿ ಅನೇಕರು ಪುಸ್ತಕಗಳಲ್ಲಾದರೂ ಕಂಡಿರಬಹುದು. 1508ರಿಂದ 1512ರವರೆಗೆ ಮೈಕೆಲ್ಯಾಂಜೆಲೊ ಬರೆದ ಆ ಚಿತ್ರಮಾಲೆಯಲ್ಲಿ ನರೆತ ಗಡ್ಡದ, ದೃಢಕಾಯನಾದ ವೃದ್ಧನೊಬ್ಬನು ಆದಿಮಾನವನಾದ ಆದಾಮನತ್ತ ಕೈ ಚಾಚಿದ್ದಾನೆ. ಆ ವೃದ್ಧನೇ ಸೃಷ್ಟಿಕರ್ತನಾದ ತಂದೆ ದೇವರು. ಈ ಚಿತ್ರದ ಪರಿಚಯ ಲೋಕಕ್ಕೆ ಎಷ್ಟಾಗಿದೆಯೆಂದರೆ, ಕ್ರೈಸ್ತರು ಆದಿಯಿಂದಲೂ ದೇವರನ್ನು ಹೀಗೆಯೇ ಚಿತ್ರಿಸುತ್ತ ಬಂದರೆಂದು ಯಾರಾದರೂ ಭಾವಿಸಿಯಾರು. ಇತಿಹಾಸ ಬೇರೆಯೇ ಹೇಳುತ್ತದೆ. ಮೊದಲ ಸಾವಿರ ವರ್ಷಗಳ ಕಾಲ ಕ್ರೈಸ್ತ ಕಲೆ ತಂದೆಯ ಮುಖವನ್ನು ಬರೆಯಲು ಬಹುಮಟ್ಟಿಗೆ ಹಿಂಜರಿಯಿತು. ಬರೆಯತೊಡಗಿದ ಮೇಲೆಯೂ ಅದು ಸಲ್ಲುವುದೇ ಸಲ್ಲದೇ ಎಂಬ ವಿವಾದ ಅಡಗಲಿಲ್ಲ.

ಹಿಂಜರಿಕೆಗೆ ಕಾರಣ ಅವರ ಧರ್ಮಗ್ರಂಥದಲ್ಲಿಯೇ ಇತ್ತು. ವಿಗ್ರಹವನ್ನು ಮಾಡಿ ಪೂಜಿಸಕೂಡದೆಂಬುದು ಮೋಶೆಯ ಮೂಲಕ ಬಂದ ದಶಾಜ್ಞೆಗಳಲ್ಲಿ ಸೇರಿದೆ. ಹೋರೇಬ್ ಬೆಟ್ಟದಲ್ಲಿ ಜನರು ದೇವರ ಧ್ವನಿಯನ್ನು ಕೇಳಿದರೇ ಹೊರತು ಯಾವ ಆಕಾರವನ್ನೂ ಕಾಣಲಿಲ್ಲವೆಂದು ಧರ್ಮೋಪದೇಶಕಾಂಡ ನೆನಪಿಸುತ್ತದೆ. ದೇವರನ್ನು ಯಾರೂ ಎಂದೂ ಕಂಡಿಲ್ಲ, ಆತನನ್ನು ತಿಳಿಯಪಡಿಸಿದವನು ಮಗನೇ ಎಂಬುದು ಯೋಹಾನನ ಸುವಾರ್ತೆಯ ನಿಲುವು. ಆದಕಾರಣ ಪ್ರಾಚೀನ ಚಿತ್ರಕಾರರು ತಂದೆಯ ಸಾನ್ನಿಧ್ಯವನ್ನು ಸೂಚಿಸಬೇಕಾದಾಗ ಸಾಮಾನ್ಯವಾಗಿ ಆಕಾಶದಿಂದ ಇಳಿದ ಒಂದು ಕೈಯನ್ನಷ್ಟೇ ಬರೆದರು. ಇಟಲಿಯ ರವೆನ್ನಾ ನಗರದ ಸಂತ ವಿಟಾಲೆ ಚರ್ಚಿನಲ್ಲಿ, 6ನೆಯ ಶತಮಾನದ ಮೊಸಾಯಿಕ್ ಚಿತ್ರಗಳ ನಡುವೆ, ಅಂತಹ ಕೈಯನ್ನು ಈಗಲೂ ಕಾಣಬಹುದು.

8ನೆಯ ಶತಮಾನದಲ್ಲಿ ಬೈಜಾಂಟಿಯಂ ಚಕ್ರವರ್ತಿಗಳು ಎಲ್ಲ ಪೂಜಾಚಿತ್ರಗಳ ಮೇಲೂ ಸಮರ ಸಾರಿದರು. 754ರ ಸಭೆ ಚಿತ್ರಗಳನ್ನು ಖಂಡಿಸಿತು. 787ರಲ್ಲಿ ನೈಸಿಯಾದಲ್ಲಿ ಕೂಡಿದ ಮಹಾಸಭೆ ಅವನ್ನು ಮರಳಿ ಎತ್ತಿಹಿಡಿಯಿತು. 843ರಲ್ಲಿ ಕಲಹ ಮುಗಿಯಿತು. ಚಿತ್ರಗಳ ಪರವಾಗಿ ಅತ್ಯಂತ ಪ್ರಬಲವಾಗಿ ವಾದಿಸಿದವನು ಡಮಾಸ್ಕಸಿನ ಸಂತ ಯೋಹಾನ. ದೇಹವಿಲ್ಲದ ದೇವರನ್ನು ಚಿತ್ರಿಸುವುದು ಅಸಾಧ್ಯ. ಆದರೆ ಆತನು ಮನುಷ್ಯದೇಹವನ್ನು ಧರಿಸಿ ಮನುಷ್ಯರ ನಡುವೆ ಬಾಳಿದ ಮೇಲೆ, ಕಣ್ಣಿಗೆ ಕಂಡ ಆ ರೂಪವನ್ನು ಚಿತ್ರಿಸುವುದು ಯುಕ್ತವೇ ಎಂಬುದು ಅವನ ವಾದದ ಸಾರ. ಇಲ್ಲಿ ಒಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. ಕ್ರಿಸ್ತನ ಚಿತ್ರಕ್ಕೆ ಬಾಗಿಲು ತೆರೆದ ಈ ವಾದವೇ ತಂದೆಯ ಚಿತ್ರಕ್ಕೆ ಅಡ್ಡಿಯಾಯಿತು. ದೇಹವನ್ನು ಧರಿಸಿದವನು ಮಗನೇ ಹೊರತು ತಂದೆಯಲ್ಲ.

ಆದರೂ ಚಿತ್ರಕಾರರಿಗೆ ಒಂದು ಆಧಾರ ಉಳಿದಿತ್ತು. ಬೆಳ್ಳಗಿನ ಉಡುಪು, ಉಣ್ಣೆಯಂತಹ ಕೂದಲು, ಸಿಂಹಾಸನವುಳ್ಳ ಮಹಾವೃದ್ಧನೊಬ್ಬನನ್ನು ಪ್ರವಾದಿಯಾದ ದಾನಿಯೇಲನು ದರ್ಶನದಲ್ಲಿ ಕಂಡನೆಂದು ಅವನ ಗ್ರಂಥದ 7ನೆಯ ಅಧ್ಯಾಯದಲ್ಲಿದೆ. ಪೂರ್ವದ ಅನೇಕ ಪ್ರಾಚೀನ ವ್ಯಾಖ್ಯಾನಕಾರರು ಆ ವೃದ್ಧನನ್ನು ಕ್ರಿಸ್ತನೆಂದೇ ಅರ್ಥೈಸಿದರು. ಪಶ್ಚಿಮ ಯೂರೋಪಿನವರಾದರೋ ಅವನಲ್ಲಿ ತಂದೆಯನ್ನು ಕಂಡರು. 12ನೆಯ ಶತಮಾನದಿಂದೀಚೆಗೆ, ಶಿಲುಬೆಯ ಮೇಲಣ ಮಗನನ್ನು ಹಿಡಿದ ವೃದ್ಧ ತಂದೆ, ಅವರ ನಡುವೆ ಪಾರಿವಾಳದ ರೂಪದ ಪವಿತ್ರಾತ್ಮ, ಈ ಬಗೆಯ ತ್ರಿಯೇಕ ಚಿತ್ರ ಅಲ್ಲಿ ಬಳಕೆಗೆ ಬಂದಿತು. ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾ ಚರ್ಚಿನ ಗೋಡೆಯ ಮೇಲೆ ಸುಮಾರು 1427ರಲ್ಲಿ ಮಸಾಚ್ಚೊ ಬರೆದ ಚಿತ್ರ ಇದರ ಪ್ರಸಿದ್ಧ ನಿದರ್ಶನ.

ರಷ್ಯಾ ದೇಶದಲ್ಲಿ ಈ ಪ್ರಶ್ನೆ ಒಬ್ಬ ಮನುಷ್ಯನ ವಿಚಾರಣೆಯವರೆಗೂ ಹೋಯಿತು. ಅಲ್ಲಿಯ ಪರಂಪರೆ ತ್ರಿಯೇಕ ದೇವರನ್ನು ಪರೋಕ್ಷವಾಗಿ ಚಿತ್ರಿಸುತ್ತಿತ್ತು. ಮಮ್ರೆಯ ಮರಗಳ ಬಳಿ ಅಬ್ರಹಾಮನ ಆತಿಥ್ಯವನ್ನು ಸ್ವೀಕರಿಸಿದ ಮೂವರು ಅತಿಥಿಗಳನ್ನು ದೇವದೂತರಂತೆ ಬರೆಯುವುದು ಆ ಕ್ರಮ. 15ನೆಯ ಶತಮಾನದ ಆದಿಭಾಗದಲ್ಲಿ ಆಂದ್ರೆ ರುಬ್ಲ್ಯೊವ್ ಬರೆದ ಚಿತ್ರ ಇದರ ಶಿಖರ. 1551ರಲ್ಲಿ ಮಾಸ್ಕೋದಲ್ಲಿ ಕೂಡಿದ ಸಭೆ, ಗ್ರೀಕರಂತೆ ಮತ್ತು ರುಬ್ಲ್ಯೊವನಂತೆ ಬರೆಯಬೇಕೆಂದು ಚಿತ್ರಕಾರರಿಗೆ ವಿಧಿಸಿತು.

ಆದರೆ 1547ರ ಬೆಂಕಿಯಲ್ಲಿ ಮಾಸ್ಕೋ ನಗರ ಸುಟ್ಟುಹೋಗಿತ್ತು. ಕ್ರೆಮ್ಲಿನ್ ಕೋಟೆಯ ಚರ್ಚುಗಳಿಗೆ ಹೊಸ ಚಿತ್ರಗಳು ಬೇಕಾಗಿ ನವ್‌ಗರೊದ್, ಪ್‌ಸ್ಕೊವ್ ನಗರಗಳಿಂದ ಚಿತ್ರಕಾರರನ್ನು ಕರೆಸಲಾಯಿತು. ಹೊಸ ಚಿತ್ರಗಳಲ್ಲಿ ತಂದೆ ದೇವರು ವೃದ್ಧನ ರೂಪದಲ್ಲಿ ಕಾಣಿಸಿಕೊಂಡನು. ಅರಸನಾದ ನಾಲ್ಕನೆಯ ಇವಾನನ ವಿದೇಶಾಂಗ ಕಚೇರಿಯ ಮುಖ್ಯಾಧಿಕಾರಿ ಇವಾನ್ ವಿಸ್ಕೊವಾತಿ ಇದನ್ನು ಕಂಡು ತಳಮಳಿಸಿದನು. ಅವನು ಧರ್ಮಾಧಿಕಾರಿಯಲ್ಲ, ಗೃಹಸ್ಥ. ದೇಹವನ್ನು ಧರಿಸಿದ ಕ್ರಿಸ್ತನನ್ನು ಬಿಟ್ಟು, ಯಾರೂ ಕಾಣದ ತಂದೆಯನ್ನು ಬರೆಯುವುದು ಹೇಗೆ ಸರಿಯೆಂದು ಬಹಿರಂಗವಾಗಿಯೇ ಕೇಳಿದನು.

1553ರ ಕೊನೆಯಲ್ಲಿ ಮಾಸ್ಕೋದ ಮಹಾಧರ್ಮಾಧ್ಯಕ್ಷ ಮಕಾರಿಯ ನೇತೃತ್ವದ ಸಭೆಯ ಮುಂದೆ ಅವನು ತನ್ನ ಸಂದೇಹಗಳನ್ನು ಇಟ್ಟನು. ಮಕಾರಿ ದೊಡ್ಡ ವಿದ್ವಾಂಸ. ಅವನ ಉತ್ತರ ಅಲ್ಲಗಳೆಯುವಂತಹುದಲ್ಲ. ಚಿತ್ರಕಾರರು ದೇವರ ಸ್ವರೂಪವನ್ನು ಬರೆಯುತ್ತಿಲ್ಲ, ಪ್ರವಾದಿಗಳಿಗೆ ಆದ ದರ್ಶನವನ್ನು ಬರೆಯುತ್ತಿದ್ದಾರೆ ಎಂದನು ಅವನು. ಕೊನೆಗೆ 1554ರ ಆರಂಭದಲ್ಲಿ ವಿಸ್ಕೊವಾತಿ ತಪ್ಪೊಪ್ಪಿಕೊಂಡನು. ಅವನಿಗೆ ಮೂರು ವರ್ಷಗಳ ಪ್ರಾಯಶ್ಚಿತ್ತ ವಿಧಿಸಲಾಯಿತು. ಮೊದಲ ವರ್ಷ ಚರ್ಚಿನ ಬಾಗಿಲ ಹೊರಗೆ ನಿಂತು ಒಳಗೆ ಹೋಗುವವರ ಮುಂದೆ ತನ್ನ ಪಾಪವನ್ನು ಹೇಳಿಕೊಳ್ಳಬೇಕು. ರಾಜ್ಯದ ಪತ್ರವ್ಯವಹಾರವನ್ನೇ ನಡೆಸುತ್ತಿದ್ದ ಅಧಿಕಾರಿಗೆ ಅದು ಎಂತಹ ಅವಮಾನವೆಂಬುದನ್ನು ಊಹಿಸಬಹುದು. ಆದರೂ ಅವನು ಹುದ್ದೆಯಲ್ಲಿ ಉಳಿದನು. 1570ರಲ್ಲಿ ರಾಜದ್ರೋಹದ ಆರೋಪಕ್ಕೆ ಸಿಕ್ಕಿ ಅರಸನ ಆಜ್ಞೆಯಿಂದಲೇ ವಧೆಗೊಂಡನು. ಅದಕ್ಕೂ ಈ ವಿಚಾರಣೆಗೂ ಸಂಬಂಧವಿಲ್ಲ.

ಒಂದು ಶತಮಾನ ಕಳೆಯಿತು. 1666–67ರಲ್ಲಿ ಅದೇ ಮಾಸ್ಕೋದಲ್ಲಿ, ಪೂರ್ವದೇಶಗಳ ಪಿತೃಪ್ರಧಾನರೂ ಸೇರಿದ್ದ ಮಹಾಸಭೆ ಕೂಡಿತು. ತಂದೆಯನ್ನು ಯಾರೂ ದೇಹಸಹಿತನಾಗಿ ಕಂಡಿಲ್ಲವಾದುದರಿಂದ ಆತನನ್ನು ನರೆತ ಗಡ್ಡದ ವೃದ್ಧನಾಗಿ ಬರೆಯುವುದು ಸಲ್ಲದೆಂದು ಅದು ನಿಷೇಧಿಸಿತು. ವಿಸ್ಕೊವಾತಿ ಯಾವ ಮಾತಿಗಾಗಿ ಬಾಗಿಲ ಹೊರಗೆ ನಿಂತನೋ ಬಹುಮಟ್ಟಿಗೆ ಅದೇ ಮಾತು ಈಗ ಸಭೆಯ ತೀರ್ಪಾಯಿತು. ಆದರೆ ನಿಷೇಧವೂ ನಿಲ್ಲಲಿಲ್ಲ. ಮಾಸ್ಕೋದಲ್ಲಿ 1883ರಲ್ಲಿ ಪ್ರತಿಷ್ಠಾಪಿತವಾಗಿ, 1931ರಲ್ಲಿ ಕೆಡವಲ್ಪಟ್ಟು, ಮತ್ತೆ ಕಟ್ಟಲ್ಪಟ್ಟ ಕ್ರಿಸ್ತರಕ್ಷಕನ ಮಹಾಮಂದಿರದ ಗುಮ್ಮಟದಲ್ಲಿ ತಂದೆ ದೇವರ ಚಿತ್ರವೇ ಇದೆ.

ಪಶ್ಚಿಮದ ಕಥೋಲಿಕರು ಅನುಮತಿಯ ದಾರಿಯನ್ನು ಹಿಡಿದರು. ಇಂತಹ ಚಿತ್ರಗಳಿದ್ದಲ್ಲಿ, ದೈವತ್ವವು ಕಣ್ಣಿಗೆ ಕಾಣುವಂತಹುದೆಂದು ಇದರಿಂದ ತಿಳಿಯಬಾರದೆಂದು ಜನರಿಗೆ ಬೋಧಿಸಬೇಕೆಂದು 1563ರಲ್ಲಿ ಟ್ರೆಂಟ್ ಮಹಾಸಭೆ ಕಟ್ಟಳೆ ಮಾಡಿತು. ದಾನಿಯೇಲನ ಮಹಾವೃದ್ಧನ ರೂಪದಲ್ಲಿ ತಂದೆಯನ್ನು ಬರೆಯಬಹುದೆಂದು 1745ರಲ್ಲಿ ಪೋಪ್ 14ನೆಯ ಬೆನೆಡಿಕ್ಟ್ ಸ್ಪಷ್ಟಪಡಿಸಿದನು. ಸುಧಾರಣಾಪಂಥದ ಕ್ಯಾಲ್ವಿನನಾದರೋ ದೇವರಿಗೆ ಯಾವ ಆಕಾರ ಕೊಟ್ಟರೂ ಅದು ಆತನ ಮಹಿಮೆಗೆ ಕುಂದೆಂದು ಬರೆದಿದ್ದನು.

ಈ ಎಲ್ಲ ಮತಭೇದಗಳ ನಡುವೆ ಒಂದು ಅಂಶದಲ್ಲಿ ಮಾತ್ರ ಭೇದವಿಲ್ಲ. ತಂದೆಯ ನಿಜಸ್ವರೂಪ ಕಣ್ಣಿಗೆ ನಿಲುಕದು ಎಂಬುದನ್ನು ಮಕಾರಿಯೂ ಒಪ್ಪಿದ್ದನು, ವಿಸ್ಕೊವಾತಿಯೂ ಒಪ್ಪಿದ್ದನು. ವಿವಾದವಿದ್ದುದು ನೋಡುವವನ ವಿಷಯದಲ್ಲಿ. ಬರೆಯುವವನು ದರ್ಶನವೆಂದು ಬರೆದುದನ್ನು ನೋಡುವವನು ಮುಖವೆಂದೇ ತಿಳಿದರೆ ಹೊಣೆ ಯಾರದು? ಟ್ರೆಂಟ್ ಸಭೆ ಆ ಹೊಣೆಯನ್ನು ಬೋಧಕನ ಮೇಲೆ ಹೊರಿಸಿತು. ಬೋಧಕನು ಮರೆತ ಊರಿನಲ್ಲಿ, ಮಕ್ಕಳು ಗೋಡೆಯ ಮೇಲಣ ಮುದುಕನನ್ನೇ ದೇವರೆಂದು ತಿಳಿದು ಬೆಳೆಯುತ್ತಾರೆ. ಮಾಸ್ಕೋದ ಆ ಅಧಿಕಾರಿ ಅಂಜಿದ್ದು ಇದಕ್ಕೇ. ಅವನನ್ನು ಶಿಕ್ಷಿಸಿದ ಸಭೆಯ ತೀರ್ಪನ್ನು ಓದುವವರು ಅವನ ಪ್ರಶ್ನೆಯನ್ನೂ ಓದಬೇಕು.